ಗೆರೆ ದಾಟಿದ್ದು ಲಾರಿ ಹತ್ತುವುದಿಲ್ಲ

ನಮ್ಮ ಬಾಗಲಕೋಟೆಯ ಕಡೆ ‘ಮುಳುಗಡೆ’ ಎಂಬ ಶಬ್ದ ಎಲ್ಲದರ ಹಿಂದೆಯೂ ಬಂದು ಕೂಡುತ್ತದೆ. ಮುಳುಗಡೆ ಮನೆ, ಮುಳುಗಡೆ ಹೊಲ, ಮುಳುಗಡೆ ರೊಕ್ಕ, ಮುಳುಗಡೆ ಮಂದಿ. ಒಂದು ಕಾಲಕ್ಕೆ ಗಂಡಿನ ಮನೆ ನೋಡಲು ಬಂದವರು ಹುಡುಗನ ಓದು, ನೌಕರಿ ಎಲ್ಲ ಕೇಳಿ ಆದ ಮೇಲೆ, ಚಹದ ಬಟ್ಟಲು ಕೆಳಗಿಡುತ್ತ, “ಮನಿ ಮುಳುಗಡಿಯೊಳಗ ಬರತೈತೇನ್ರಿ?” ಎಂದು ಕೇಳುತ್ತಿದ್ದರು. ಬರುತ್ತದೆ ಎಂದರೆ ಗಂಡಸರಿಗೆ ಪರಿಹಾರದ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಹೆಂಗಸರಿಗೆ ಮಾತ್ರ, ಮಗಳು ಯಾವ ಊರಿನ ಯಾವ ಅಡಿಗೆಮನೆಯಲ್ಲಿ ಒಲೆ ಹೂಡಬೇಕೋ ಎಂಬ ಯೋಚನೆ.

ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವುದು ಈಗ ಎಲ್ಲ ಊರುಗಳಲ್ಲೂ ನಡೆದಿರುವ ಮಾತು. ಮಕ್ಕಳು ದೂರ ಹೋಗುತ್ತಾರೆ, ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ, ಹಿತ್ತಲು ಗುಡಿಸಲು ಆಳು ಸಿಗುವುದಿಲ್ಲ. ಒಂದೊಂದೇ ಕುಟುಂಬ ಹೀಗೆ ಹೋಗುವುದು ಬೇರೆ, ಒಂದು ಊರೇ ಹೋಗುವುದು ಬೇರೆ. ಅಂಥದೊಂದು ಹೋಗುವಿಕೆಯ ಇತಿಹಾಸ ನಮ್ಮ ಕಣ್ಣೆದುರಿಗೇ ನಡೆಯಿತು. ಅದರ ದಾಖಲೆಗಳಲ್ಲಿ ಮೀಟರು, ಎಕರೆ, ಟಿ.ಎಂ.ಸಿ. ಎಲ್ಲ ಇವೆ. ಹಂಡೆ, ಒರಳು, ಜೋಕಾಲಿಗಳ ಲೆಕ್ಕ ಇಲ್ಲ. ಆ ಲೆಕ್ಕವನ್ನಷ್ಟು ಬರೆದಿಡೋಣವೆಂದು ಕುಳಿತಿದ್ದೇನೆ.

ಮೊದಲು ಇಸವಿಗಳನ್ನು ಹೇಳಿಬಿಡುತ್ತೇನೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅವರು ಪ್ರಧಾನಿಯಾಗುವುದಕ್ಕೆ ಇನ್ನೂ ಕೆಲವು ದಿನಗಳಿದ್ದವು. ಕಟ್ಟುವುದು ಕೃಷ್ಣೆಗಾದರೂ ಹಿನ್ನೀರು ಘಟಪ್ರಭೆಯ ಗುಂಟ ಹಿಂದೆ ಸರಿದು ಬಾಗಲಕೋಟೆಗೆ ಬರುತ್ತದೆಂಬುದು ಆಗಲೇ ಗೊತ್ತಿದ್ದ ಸಂಗತಿ. ನದಿಯ ನೀರು ಯಾವ ರಾಜ್ಯಕ್ಕೆ ಎಷ್ಟು ಎಂಬ ವ್ಯಾಜ್ಯಕ್ಕೆ ಬಚಾವತ್ ನ್ಯಾಯಮಂಡಳಿ ಕುಳಿತು 1973ರಲ್ಲಿ ವರದಿ ಕೊಟ್ಟಿತು, 1976ರಲ್ಲಿ ಅದು ಅಖೈರಾಯಿತು. 1983ರಲ್ಲಿ ಹೊಸ ಊರು ಕಟ್ಟುವುದಕ್ಕೆಂದೇ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಆಯಿತು. ನವನಗರದ ನಕ್ಷೆ ಮಾಡಿದವರು ನವಿ ಮುಂಬಯಿಯ ಯೋಜನೆಯಲ್ಲಿ ದುಡಿದ ಚಾರ್ಲ್ಸ್ ಕೊರಿಯಾ ಅವರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2002ರಲ್ಲಿ ನೀರು ಆ ಮಟ್ಟಕ್ಕೆ ಬಂದು ನಿಂತಿತು.

ಕಲ್ಲು ಇಟ್ಟಲ್ಲಿಂದ ನೀರು ನಿಂತಲ್ಲಿಗೆ ಮೂವತ್ತೆಂಟು ವರ್ಷ. ಸೊಸೆಯಾಗಿ ಬಂದವಳು ಮೊಮ್ಮಗಳ ಜಡೆ ಹೆಣೆಯುವಷ್ಟು ಕಾಲ.

ನಾನು ಆ ಊರಿಗೆ ಸೊಸೆಯಾಗಿ ಬಂದದ್ದು 1981ರಲ್ಲಿ. ಬಂದ ಹೊಸತರಲ್ಲಿ ನನಗೆ ತಿಳಿಯದೇ ಹೋದದ್ದು ಮನೆಯ ಗೋಡೆಗಳು. ಇಷ್ಟು ಅನುಕೂಲಸ್ಥರು, ಪಡಸಾಲಿಯ ಗೋಡೆಗೆ ಸುಣ್ಣ ಯಾಕೆ ಹಚ್ಚುವುದಿಲ್ಲ? ಬಚ್ಚಲಮನೆಯ ಬಾಗಿಲು ಮುರಿದು ವರ್ಷವಾದರೂ ಯಾಕೆ ಹಾಗೇ ಇದೆ? ನಮ್ಮತ್ತಿಯವರನ್ನು ಕೇಳಿದರೆ, “ಮುಳುಗೋ ಮನಿಗೆ ಸುಣ್ಣಾ ಯಾಕವ್ವಾ?” ಎಂದರು. ಓಣಿಯ ತುಂಬ ಇದೇ ಮಾತು. ಗಿಲಾವು ಉದುರಿದರೆ ಉದುರಲಿ, ಜಂತಿಗೆ ಗೆದ್ದಲು ಹಿಡಿದರೆ ಹಿಡಿಯಲಿ. ಹೊಸ ಕೋಣೆ ಕಟ್ಟುವ ಹಾಗಿಲ್ಲ, ಹಳೆಯದನ್ನು ಬಿಡುವ ಹಾಗೂ ಇಲ್ಲ. ಮನೆ ಬಿಡುವ ಸಂಕಟದ ಬಗ್ಗೆ ಕಥೆ, ಕವಿತೆ, ಭಾಷಣ ಬಹಳ ಬಂದಿವೆ. ನಾನು ಕಂಡ ಮಟ್ಟಿಗೆ ಹೆಂಗಸರನ್ನು ಸವೆಸಿದ್ದು ಬಿಟ್ಟ ದಿನವಲ್ಲ, ಬಿಡದೇ ಕಾಯ್ದ ಆ ವರ್ಷಗಳು. ಬಿಡುವುದು ನಿಕ್ಕಿಯಾದ ಮೇಲೆ ಎಷ್ಟೋ ಮುದುಕಿಯರು ಹುರುಪಿನಿಂದ ಎದ್ದು ಕೂತದ್ದನ್ನು ನೋಡಿದ್ದೇನೆ.

ನಮ್ಮ ಹಳೆಯ ಮನೆ ಅಷ್ಟು ದೊಡ್ಡದಿದ್ದದ್ದು ಡೌಲಿಗಲ್ಲ. ಅದರ ಒಂದೊಂದು ಅಂಕಣಕ್ಕೂ ಒಂದೊಂದು ಕೆಲಸವಿತ್ತು. ತಲಬಾಗಿಲು ದಾಟಿದರೆ ಒಂದು ಬದಿಗೆ ದನದ ಗ್ವಾದಲಿ, ಇನ್ನೊಂದು ಬದಿಗೆ ಎತ್ತರದ ಕಟ್ಟೆ, ಆಮೇಲೆ ಪಡಸಾಲಿ, ನಡುಮನೆ, ದೇವರ ಕೋಣೆ, ಅಡಿಗೆಮನೆ, ಬಾಣಂತಿಗೆಂದು ಒಂದು ಕತ್ತಲೆ ಕೋಣೆ. ಮೇಲೆ ಮಣ್ಣಿನ ಮಾಳಿಗೆ. ಕಲ್ಲುಮಣ್ಣಿನ ಗೋಡೆಗಳು ಎರಡು ಮೂರು ಅಡಿ ದಪ್ಪ, ಅವುಗಳಲ್ಲಿ ಅಲ್ಲಲ್ಲಿ ಮಾಡಗಳು. ದೀಪಕ್ಕೊಂದು ಮಾಡ, ಎಣ್ಣೆ ಗಿಂಡಿಗೊಂದು, ಮಾವನವರ ವಿಭೂತಿಗೊಂದು. ಕಪಾಟು ಎಂಬ ವಸ್ತುವೇ ಆ ಮನೆಗೆ ಬೇಕಾಗಿರಲಿಲ್ಲ.

ಅಂಗಳದಲ್ಲಿ ಹಗೇವು ಇತ್ತು. ಈಗಿನ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಹಿಂಗಾರಿ ಜೋಳ ಬಂದ ಮೇಲೆ ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಆರದೆ ಉರಿದರೆ ಮಾತ್ರ ಆಳು ಇಳಿಯುವುದು. ಅಂಥ ಹಗೇವು ನಾನು ಬರುವ ಹೊತ್ತಿಗೇ ಬರಿದಾಗಿತ್ತು. ಅಂಗಡಿಯಲ್ಲಿ ತಿಂಗಳ ಜೋಳ ಸಿಗುತ್ತಿತ್ತು, ಹಿಟ್ಟಿನ ಗಿರಣಿ ಬಂದಿತ್ತು, ಬೀಸುಕಲ್ಲಿಗೆ ಮದುವೆಯ ಅರಿಷಿಣ ಬೀಸುವ ಶಾಸ್ತ್ರವಷ್ಟೇ ಉಳಿದಿತ್ತು. ದನ ಮಾರಿ ಗ್ವಾದಲಿಯಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದರು. ಬಾಣಂತನಗಳು ಆಸ್ಪತ್ರೆಗೆ ಹೋಗಿದ್ದವು. ನೀರು ಬರುವ ಎಷ್ಟೋ ಮೊದಲೇ ಆ ಮನೆಯ ಅರ್ಧ ಕೆಲಸ ಮುಗಿದಿತ್ತು. ಸಾಮಾನುಗಳು ಮಾತ್ರ ಕೆಲಸ ಹೋದ ನೌಕರರ ಹಾಗೆ ಮೂಲೆ ಹಿಡಿದು ಕುಳಿತಿದ್ದವು.

ನಾವು ಮನೆ ಬಿಟ್ಟದ್ದು 2001ರ ಬೇಸಿಗೆಯಲ್ಲಿ. ಅಣ್ಣತಮ್ಮಂದಿರು ಮೂವರು, ಮೂರು ಸೈಟು. ನಮ್ಮ ಪಾಲಿನದು ಅಡಿಯ ಲೆಕ್ಕದಲ್ಲಿ ಸುಮಾರು ಮೂವತ್ತು-ನಲವತ್ತು. ಅತ್ತೆ ನಮ್ಮ ಜೊತೆ ಬರುವುದೆಂದು ಠರಾವಾಯಿತು. ಅವರಿಗೆ ಆಗ ಎಪ್ಪತ್ತು ದಾಟಿತ್ತು, ಅಕ್ಷರ ಬರುತ್ತಿರಲಿಲ್ಲ. ಎಂಜಿನಿಯರು ಕೊಟ್ಟ ನಕ್ಷೆಯನ್ನು ನನ್ನ ಯಜಮಾನರು ಅವರ ಮುಂದೆ ಹಿಡಿದರೆ, “ಇದು ನನಗ ತಿಳಿಯಂಗಿಲ್ಲಪ್ಪಾ. ನೆಲದ ಮ್ಯಾಲೆ ತೋರಸು” ಎಂದರು.

ತೋರಿಸಿದರು. ಪಡಸಾಲಿಯ ನೆಲದ ಮೇಲೆ, ರಂಗೋಲಿ ಹುಡಿಯಿಂದ, ಹೊಸ ಅಡಿಗೆಮನೆ ಇರುವಷ್ಟೇ ಅಳತೆಗೆ ಗೆರೆ ಎಳೆದರು. ಎಂಟು ಅಡಿ, ಒಂಬತ್ತು ಅಡಿ. ಆಚೆಗೆ ದೇವರ ಜಗಲಿ, ಅದರಾಚೆಗೆ ಅತ್ತೆಯವರ ಕೋಣೆ. ಬಾಗಿಲು ಎತ್ತ ತೆರೆಯುತ್ತದೆ ಎಂಬುದಕ್ಕೂ ಒಂದು ಗೆರೆ. ಅತ್ತೆ ಒಂದು ದಿನ ಅದರೊಳಗೆ ಸುಮ್ಮನೆ ಓಡಾಡಿದರು. ಮರುದಿನದಿಂದ ನಮ್ಮನ್ನು ಕರೆದು ಸಾಮಾನು ಒಂದೊಂದಾಗಿ ಗೆರೆಯೊಳಗೆ ಇಡಿಸತೊಡಗಿದರು. ಮೊದಲು ದಿನಾ ಮುಟ್ಟುವಂಥವು: ಹಂಚು, ರೊಟ್ಟಿ ಬಡಿಯುವ ಕಟ್ಟಿಗೆಯ ಕೊಮ್ಮಣಿಗೆ, ಗ್ಯಾಸಿನ ಒಲೆ, ಕುಕ್ಕರು, ಹಿಟ್ಟಿನ ಡಬ್ಬಿ. ಆಮೇಲೆ ವಾರಕ್ಕೊಮ್ಮೆ ಬೇಕಾಗುವಂಥವು. ಹಬ್ಬದ ಸಾಮಾನು ಕಡೆಗೆ. ಅಷ್ಟರಲ್ಲೇ ಗೆರೆ ತುಂಬಿತು. ನೀರು ಕಾಸುವ ತಾಮ್ರದ ಹಂಡೆ, ನೂರು ಮಂದಿಗೆ ಅನ್ನ ಮಾಡುವ ಕೊಪ್ಪರಿಗೆ, ಮೂರು ಒರಳು ಎಲ್ಲ ಹೊರಗೇ ಉಳಿದವು. ನಾನು ಹಂಡೆಯನ್ನು ಹೇಗಾದರೂ ಮೂಲೆಗೆ ತುರುಕಲು ನೋಡಿದೆ. ಅತ್ತೆ ಗದರಿಸಿದರು: “ಗೆರಿ ದಾಟಿದ್ದು ಲಾರಿ ಹತ್ತಂಗಿಲ್ಲ. ಇಲ್ಲೇ ಅಳೂದು ಮುಗಿಸಿ ಹೋಗೂಣು.”

ಓಣಿಯಲ್ಲಿ ಎಲ್ಲರೂ ಹೀಗೆ ಮಾಡಲಿಲ್ಲ. ಹೆಚ್ಚಿನವರು ಎಲ್ಲವನ್ನೂ ಹೇರಿಕೊಂಡು ಹೋದರು, ಅಲ್ಲಿ ಹೋಗಿ ನೋಡೋಣವೆಂದು. ಅಲ್ಲಿ ನೋಡುವುದಕ್ಕೆ ಜಾಗವೇ ಇರಲಿಲ್ಲ. ನವನಗರದ ಎಷ್ಟೋ ಮನೆಗಳ ಮುಂದೆ ಮಳೆಗಾಲ ಪೂರ್ತಿ ತೊಲೆ, ಬಾಗಿಲು, ಬೀಸುಕಲ್ಲು ನೆನೆಯುತ್ತ ಬಿದ್ದಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ನೀರು ತರುವ ಸೊಸೆಯಂದಿರು, ಯಾವುದನ್ನು ತೆಗೆದರೂ “ಅದು ನನ್ನದು” ಎನ್ನುವ ಅತ್ತೆಯಂದಿರು. ಜಗಳಗಳೆಲ್ಲ ಮನೆ ಸಣ್ಣದಾದುದರಿಂದ ಎಂದು ಜನ ಹೇಳುತ್ತಿದ್ದರು. ನನಗೇನೋ ಹಾಗನ್ನಿಸುವುದಿಲ್ಲ. ಹಳೆಯ ಮನೆಯಲ್ಲಿ ತೀರ್ಮಾನಿಸಬೇಕಾದುದನ್ನು ಹೊಸ ಮನೆಯ ಹೊಸ್ತಿಲಲ್ಲಿ ತೀರ್ಮಾನಿಸಲು ಹೊರಟರೆ ಅರಮನೆಯಾದರೂ ಸಾಲದು.

ಗೆರೆಯ ಹೊರಗೆ ಉಳಿದದ್ದು ಏನಾಯಿತೆಂದರೆ, ಅದಕ್ಕೂ ಅತ್ತೆಯವರದೊಂದು ಕ್ರಮವಿತ್ತು. ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ತಾರೀಖು ಚುಕ್ಕೆಯಿಂದ ಕೊರೆಸುವ ರೂಢಿ. ಅತ್ತೆ ನನ್ನಿಂದ ಒಂದೊಂದೇ ಓದಿಸಿದರು. ಅವರ ತವರಿನಿಂದ ಬಂದವು ಒಂದು ಕಡೆ, ನನ್ನ ತವರಿನವು, ಓರಗಿತ್ತಿಯರ ತವರಿನವು ಬೇರೆ ಬೇರೆ. ಗಂಡಸರು ಎಲ್ಲವನ್ನೂ ಸೇರಿಸಿ ತೂಗಿಸಿ ಮೂರು ಪಾಲು ಮಾಡೋಣವೆಂದಿದ್ದರು. ಹಿತ್ತಾಳೆ ವ್ಯಾಪಾರಿಗಳು ತಕ್ಕಡಿ ಹಿಡಿದು ಓಣಿ ಓಣಿ ತಿರುಗುತ್ತಿದ್ದ ದಿನಗಳವು. ಅತ್ತೆ ಒಪ್ಪಲಿಲ್ಲ. ಹೆಂಗಸಿಗೆ ತವರಿನಿಂದ ಬಂದದ್ದು ಅವಳದೇ ಸ್ವಂತ ಆಸ್ತಿ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. ಅವರಿಗೆ ಆ ಕಾಯಿದೆಯ ಹೆಸರು ಗೊತ್ತಿರಲಿಲ್ಲ, ನ್ಯಾಯ ಗೊತ್ತಿತ್ತು. ತಮ್ಮ ಪಾಲಿನ ಹಂಡೆಯನ್ನು ಹಿರಿಯ ಮಗಳಿಗೆ, ಕೊಪ್ಪರಿಗೆಯನ್ನು ದಾಸೋಹಕ್ಕೆಂದು ಮಠಕ್ಕೆ ಕೊಟ್ಟರು. ತಾವೇ ಕೈಯಾರೆ ಕೊಟ್ಟದ್ದರಿಂದ ಮುಂದೆ ಆ ಹಂಡೆಯ ಬಗ್ಗೆ ಒಂದು ಮಾತೂ ಬರಲಿಲ್ಲ.

ಪಾತ್ರೆಗಳಲ್ಲಿ ನಡೆದ ನ್ಯಾಯ ಮನೆಯ ರೊಕ್ಕದಲ್ಲಿ ನಡೆಯಲಿಲ್ಲ. ಪರಿಹಾರ ಬಂದದ್ದು ಉತಾರದಲ್ಲಿ ಹೆಸರಿದ್ದವರಿಗೆ, ಎಂದರೆ ಗಂಡಸರಿಗೆ. ಮನೆ ಬಿಡುವುದೂ ವಾಟ್ನಿಯೂ ಒಟ್ಟಿಗೇ ಆಗಿಹೋದವು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ನನ್ನ ನಾದಿನಿಯರಿಬ್ಬರಲ್ಲಿ ಒಬ್ಬಳ ಮದುವೆ 1990ರಲ್ಲಿ, ಇನ್ನೊಬ್ಬಳದು 1996ರಲ್ಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬಳಿಗೆ ಹಕ್ಕು ಇಲ್ಲ, ಒಬ್ಬಳಿಗೆ ಉಂಟು. ಹಕ್ಕಿದ್ದವಳಿಂದ ಸೀರೆ ಉಡಿಸಿ ಸಹಿ ಹಾಕಿಸಿಕೊಂಡರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಭೇದ ತೆಗೆದುಹಾಕಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾಗಿ ಮುಗಿದ ವಾಟ್ನಿಗಳನ್ನು ಅದು ಮುಟ್ಟಲಿಲ್ಲ. ನಮ್ಮದು ಮುಗಿದಿತ್ತು.

ಹೆಣ್ಣುಮಕ್ಕಳಿಗೆ ಉಳಿದದ್ದು ತವರಿಗೆ ಬರುವ ಹಕ್ಕು. ಅದಕ್ಕೂ ಚಿಕ್ಕ ಮನೆಯಲ್ಲಿ ಸಂಚಕಾರ ಬರುತ್ತಿತ್ತು. ನಾಗರಪಂಚಮಿಗೆ ನಮ್ಮಲ್ಲಿ ಹೆಣ್ಣುಮಕ್ಕಳು ಉಂಡಿ ತಿನ್ನಲು, ಜೋಕಾಲಿ ಆಡಲು ತವರಿಗೆ ಬರಲೇಬೇಕು. ಹಳೆಯ ಪಡಸಾಲಿಯ ತೊಲೆಗೆ ಹಗ್ಗ ಬಿಗಿದರೆ ಜೋಕಾಲಿಯಾಗುತ್ತಿತ್ತು. ಸಿಮೆಂಟಿನ ಛತ್ತಿಗೆ ಹಗ್ಗ ಎಲ್ಲಿ ಕಟ್ಟುವುದು? ಇದು ಹೊಳೆದದ್ದೂ ಅತ್ತೆಗೇ. ಹೊಸ ಮನೆಯ ಛತ್ತಿಗೆ ಸಳಿ ಕಟ್ಟುವಾಗ ತಾವೇ ಟಾಂಗಾದಲ್ಲಿ ಹೋಗಿ, ಗೌಂಡಿಯ ಮುಂದೆ ನಿಂತು ಎರಡು ದಪ್ಪ ಕೊಂಡಿ ಬಿಡಿಸಿಕೊಂಡು ಬಂದರು. ಗೋಡೆಗಳು ಒಂಬತ್ತು ಇಂಚಿನವು, ಮಾಡ ಬಿಡಲು ಬಾರದೆಂದಾಗ ಅಲ್ಲಲ್ಲಿ ಕಡಪಾ ಕಲ್ಲಿನ ಹಲಗೆ ಕೂಡಿಸಲು ಹೇಳಿದರು. ಮೂರನೆಯದಾಗಿ ಮಾಳಿಗೆಗೆ ಮೆಟ್ಟಿಲು. ಖರ್ಚು ಉಳಿಸಲು ಮೆಟ್ಟಿಲು ಆಮೇಲೆ ನೋಡೋಣವೆಂದು ಯಜಮಾನರು ಹೇಳಿದ್ದಕ್ಕೆ, “ಖಾರದ ಮೆಣಸಿನಕಾಯಿ ನಿನ್ನ ತಲಿ ಮ್ಯಾಲೆ ಒಣಗಿಸಲ್ಯಾ?” ಎಂದರು. ನಮ್ಮ ದೇಶದ ಹವೆಯಲ್ಲಿ ಆಕಾಶಕ್ಕೆ ತೆರೆದ ಬಯಲೂ ಮನೆಯ ಒಂದು ಕೋಣೆಯೇ ಎಂದು ಕೊರಿಯಾ ಅವರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ವಾದಿಸಿದ್ದಾರೆ. ನಮ್ಮತ್ತಿಗೂ ಅವರಿಗೂ ಭೇಟಿಯಾಗಿದ್ದರೆ ಚೆನ್ನಾಗಿ ಹೊಂದುತ್ತಿತ್ತು.

ಓಣಿ ಚದುರಿಹೋದದ್ದು ಮಾತ್ರ ಯಾವ ಗೆರೆಯೊಳಗೂ ಕೂಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದವರು ಬೇರೆ ಬೇರೆ ಸೆಕ್ಟರಿಗೆ ಬಿದ್ದರು. ಮನೆತನದ ಹೆಸರಿನಿಂದ ಗುರುತಿಸುತ್ತಿದ್ದವರನ್ನು ನಂಬರಿನಿಂದ ಹುಡುಕಬೇಕಾಯಿತು. ಅತ್ತೆ ಮೊದಲ ವರ್ಷ ಸೋಮವಾರಕ್ಕೊಮ್ಮೆ ರಿಕ್ಷಾ ಮಾಡಿಸಿಕೊಂಡು ಹಳೆಯ ಗೆಳತಿಯರನ್ನು ಹುಡುಕಿ ಹೋಗುತ್ತಿದ್ದರು. ಆ ರಿಕ್ಷಾದ ಬಾಡಿಗೆಯನ್ನು ಮನೆ ಖರ್ಚಿನಲ್ಲಿ ಮೊದಲೇ ತೆಗೆದಿಡಬೇಕೆಂದು ನನಗೆ ತಾಕೀತು ಮಾಡಿದ್ದರು. ಹಾಲಿನ ಲೆಕ್ಕ, ರಿಕ್ಷಾದ ಲೆಕ್ಕ.

ಹಳೆಯ ಊರಿನ ಮೇಲಿನ ಭಾಗದಲ್ಲಿ ಇನ್ನೂ ಜನವಿದ್ದಾರೆ. 2010ರಲ್ಲಿ ಎರಡನೆಯ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ಹೇಳಿತು. ಅಂದಿನಿಂದ ಅವರ ಗೋಡೆಗಳಿಗೂ ಸುಣ್ಣ ಕಾಣದಾಗಿದೆ. ಈಚೆಗೆ ಅಲ್ಲಿಯ ಪರಿಚಯದವರೊಬ್ಬರು ಸಿಕ್ಕಿದ್ದರು. “ಅಕ್ಕಾರ, ಯಾವಾಗ ಏಳಸತಾರೋ ಏನೋ, ಎಲ್ಲಿಂದ ಸುರು ಮಾಡೂದು ತಿಳಿವಲ್ದು” ಎಂದರು. ಅವರ ಅತ್ತೆಗೆ ತೊಂಬತ್ತರ ಹತ್ತಿರ, ನೆನಪು ಇನ್ನೂ ಗಟ್ಟಿ ಇದೆಯಂತೆ. ಹಾಗಾದರೆ ನೀರಿನ ಆರ್ಡರು ಕಾಯಬೇಡಿರಿ, ಈ ವಾರವೇ ಅಟ್ಟದ ಪಾತ್ರೆ ಇಳಿಸಿ ಹೆಸರು ಓದಿಸಿಕೊಳ್ಳಿರಿ, ಗೋಡೆಗೆ ಸುಣ್ಣವನ್ನೂ ಹಚ್ಚಿಸಿರಿ ಎಂದೆ. ಪಾತ್ರೆಯ ಮಾತಿಗೆ ತಲೆ ಆಡಿಸಿದರು. ಸುಣ್ಣದ ಮಾತಿಗೆ ನಕ್ಕರು.