ಕುದುರೆಮುಖ ತೀರ್ಪಿನ ಗಡುವು: ಅದಿರಿನ ಲೆಕ್ಕವೋ, ಕಾಡಿನ ಲೆಕ್ಕವೋ?

ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಗೆ ತೆರೆ ಎಳೆದ ಸುಪ್ರೀಂ ಕೋರ್ಟಿನ 2002ರ ಅಕ್ಟೋಬರ್ 30ರ ತೀರ್ಪನ್ನು ಸಂವಿಧಾನದ ಪರಿಸರಪರ ಆಶಯಗಳ ಗೆಲುವೆಂದು ಓದುವುದು ರೂಢಿ. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ವನ್ಯಜೀವಿ ಸಂರಕ್ಷಕ ಕೆ. ಎಂ. ಚಿಣ್ಣಪ್ಪ ಸಲ್ಲಿಸಿದ ಅರ್ಜಿಯ ಮೇಲೆ ಬಂದ ಈ ತೀರ್ಪು ಸಂವಿಧಾನದ 48ಎ ಮತ್ತು 51ಎ(ಜಿ) ವಿಧಿಗಳನ್ನೂ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನವನ್ನೂ ನೆನೆಯುತ್ತದೆ. ವ್ಯಾಖ್ಯಾನಗಳು ಸಾಮಾನ್ಯವಾಗಿ ನಿಲ್ಲುವುದು ಅಲ್ಲಿಯೇ. ಸಿಂಗಳೀಕಗಳ ಆ ನೆಲೆ, ತುಂಗಾ, ಭದ್ರಾ, ನೇತ್ರಾವತಿಗಳ ಆ ಉಗಮಪ್ರದೇಶ ಉಳಿಯಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಉಳಿಸಿದ ವಾದ ಯಾವುದು ಎಂಬಲ್ಲಿ ಮಾತ್ರ ನನ್ನ ತಕರಾರು.

ಆದೇಶದ ಭಾಗವನ್ನೇ ಓದೋಣ. ಗಣಿಗೆ ಸಿಕ್ಕ ಗಡುವು 2005ರ ಅಂತ್ಯ. ಈಗಾಗಲೇ ಅಗೆದ ಜಾಗದಲ್ಲಿ ಉಳಿದಿದ್ದ, ಗಾಳಿ-ಮಳೆಗೆ ಶಿಥಿಲಗೊಂಡ ಅದಿರು ಅಷ್ಟರಲ್ಲಿ ಮುಗಿಯುತ್ತದೆ ಎಂಬುದು ಅದರ ಆಧಾರ. ಇದು ನ್ಯಾಯಾಲಯ ತಾನೇ ಹಾಕಿದ ಲೆಕ್ಕವಲ್ಲ, ಕೇಂದ್ರದ ಅರಣ್ಯ ಸಲಹಾ ಸಮಿತಿಯದು. ಅಂದರೆ ಗಡುವನ್ನು ಅಳೆದದ್ದು ಅದಿರಿನಿಂದ, ಕಾಡಿನ ತಾಳಿಕೆಯಿಂದಲ್ಲ. ಸಂವಿಧಾನದ ವಿಧಿಗಳೇ ನಿರ್ಣಾಯಕವಾಗಿದ್ದರೆ, 1987ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಪ್ರಕಟವಾದ ಪ್ರದೇಶದ ನಡುವಿನ ಗಣಿಗೆ ಮತ್ತೆ ಮೂರು ವರ್ಷ ಕೊಟ್ಟದ್ದನ್ನು ವಿವರಿಸುವುದು ಕಷ್ಟ. ನನ್ನ ಓದಿನಲ್ಲಿ ನಿಜವಾದ ಹಿಡಿತ ಸಿಕ್ಕಿದ್ದು ಸರಳವಾದೊಂದು ಕಾನೂನಿನಿಂದ. 1969ರ ಮೂವತ್ತು ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿಯಿತು. ನವೀಕರಣಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕಾಯಿತು. ಕಾಯ್ದೆಗೆ ಮುಂಚಿನ ಗುತ್ತಿಗೆಯ ನವೀಕರಣಕ್ಕೂ ಅದು ಬೇಕೆಂದು ಅಂಬಿಕಾ ಕ್ವಾರಿ ಪ್ರಕರಣ ಮೊದಲೇ ಸ್ಥಾಪಿಸಿತ್ತು. ಗಣಿ ಕಂಪನಿ ಆ ಬಾಗಿಲನ್ನು ದಾಟಲೇಬೇಕಿತ್ತು, ಅಲ್ಲಿ ಕುಳಿತಿದ್ದದ್ದು ಅದೇ ಸಲಹಾ ಸಮಿತಿ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ರಾಷ್ಟ್ರೀಯ ಉದ್ಯಾನಗಳಿಂದ ಸತ್ತ ಮರವನ್ನೂ ತೆಗೆಯಬಾರದೆಂದು ನ್ಯಾಯಾಲಯ 2000ದ ಫೆಬ್ರುವರಿಯಲ್ಲಿ ತಡೆಯೊಡ್ಡದಿದ್ದರೆ ಸಮಿತಿ ಇಷ್ಟು ಬಿಗಿಯಾಗುತ್ತಿತ್ತೇ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದ್ದರಿಂದ ನನ್ನ ವಾದವನ್ನು ಇಷ್ಟಕ್ಕೇ ಸೀಮಿತಗೊಳಿಸುತ್ತೇನೆ: ನ್ಯಾಯಾಲಯ ಒತ್ತಡ ಹುಟ್ಟಿಸಿರಬಹುದು, ಆದರೆ ಗಣಿಯನ್ನು ಮುಚ್ಚಿಸುವ ಷರತ್ತು ಬಹುಮಟ್ಟಿಗೆ ಆಡಳಿತದ ಕಡತದಲ್ಲಿ ರೂಪುಗೊಂಡಿತು. ಇದು ಸರಿಯಾದರೆ, ವನ್ಯಜೀವಿಪರ ಹೋರಾಟಗಾರರು ಸಚಿವಾಲಯದ ಸಮಿತಿಗಳ ಮುಂದೆ ಸಾಕ್ಷ್ಯ ಒಪ್ಪಿಸುವ ಕೆಲಸಕ್ಕೆ ರಿಟ್ ಅರ್ಜಿಯಷ್ಟೇ ತೂಕ ಸಿಗಬೇಕು. ಕುದುರೆಮುಖದ ಅರ್ಜಿದಾರರ ದಾಖಲೆಗಳು ಸಮಿತಿಯ ಮನಸ್ಸನ್ನು ಎಷ್ಟರಮಟ್ಟಿಗೆ ತಿರುಗಿಸಿದವು ಎಂಬುದು ತೀರ್ಪಿನ ಪಠ್ಯದಿಂದಷ್ಟೇ ಇತ್ಯರ್ಥವಾಗದು. ಸಮಿತಿಯ ನಡಾವಳಿಗಳನ್ನು ಅರ್ಜಿಯ ಕಡತದೊಡನೆ ಸಾಲುಸಾಲಾಗಿ ಹೋಲಿಸುವ ಅಧ್ಯಯನ ಇನ್ನೂ ಆಗಬೇಕಿದೆ.