ಅಂಜಿಕೆಯ ಹಿಂದಿನ ಅಂಜಿಕೆ

ಕಂಪ್ಯೂಟರ್ ಮುಂದೆ ಕೂತು ಕೈ ನಡುಗಿಸುವ ಹೆಂಗಸನ್ನು ಕಂಡು ನಗುವವರೇ ಹೆಚ್ಚು. ಆದರೆ ಆ ನಡುಕಕ್ಕೂ ಒಂದು ಚರಿತ್ರೆ ಇದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಕಡೆ ಪಹಣಿ ಎಂದರೆ ಬಹುಕಾಲ ಕೈಬರಹದ ಪುಸ್ತಕವೇ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆಯುವ ಕಾನೂನು ಬಂದದ್ದು 1961ರಲ್ಲಿ. ಆಮೇಲೆ ಪುಸ್ತಕ ಗ್ರಾಮಲೆಕ್ಕಿಗರ ಕೈ ಸೇರಿತು. ರಾಜ್ಯದಲ್ಲಿ ಅವರು ಸುಮಾರು 9,000 ಮಂದಿ. ಅವರು ಸಿಕ್ಕ ದಿನ ಪಹಣಿ ಸಿಕ್ಕಿತು, ಇಲ್ಲದಿದ್ದರೆ ಇನ್ನೊಂದು ದಿನ ಬಸ್ಸು ಹತ್ತಬೇಕು.

2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ! ಗ್ರಾಮಲೆಕ್ಕಿಗರಿಗೆ ಅಧಿಕಾರ ಹೋಗುವ ಅಳುಕು, ರೈತರಿಗೆ ಮಷೀನು ಹೆಸರು ತಪ್ಪಿಸೀತೆಂಬ ಅಳುಕು. ಯೋಜನೆಯನ್ನು ನಡೆಸಿದ ರಾಜೀವ್ ಚಾವ್ಲಾ ಮತ್ತು ಅವರ ಸಂಗಡಿಗರು ಈ ಅಳುಕನ್ನು ತಳ್ಳಿಹಾಕಲಿಲ್ಲ. ಅಧಿಕಾರಿಗಳ ಮನಸ್ಸು ಒಲಿಸಲು ಕಾರ್ಯಾಗಾರಗಳಾದವು. ಕಿಟಕಿಯಲ್ಲಿ ರೈತರ ಕಡೆಗೆ ತಿರುಗಿದ ಇನ್ನೊಂದು ಪರದೆ ಇಟ್ಟರು. ಒಳಗೆ ಏನು ಬರೆಯುತ್ತಾರೋ ಹೊರಗಿನವರಿಗೂ ಕಾಣಬೇಕು. ಕಂಪ್ಯೂಟರ್ ಕಲಿಸುವವರಿಗೆ ಆ ಎರಡನೆಯ ಪರದೆಗಿಂತ ದೊಡ್ಡ ಪಾಠ ನಾನು ಕಂಡಿಲ್ಲ.

ಊರಿನ ಹೆಂಗಸರಿಗೆ ಕಂಪ್ಯೂಟರ್ ಹೇಳಿಕೊಡುವಾಗ ನಾನು ಮೊದಲು ಗುಂಡಿಗಳ ಹೆಸರು ಹೇಳುವುದಿಲ್ಲ. “ಏನು ಭಯ ಅಕ್ಕಾ?” ಎಂದು ಕೇಳುತ್ತೇನೆ. “ಕೆಟ್ಟುಹೋದರೆ?” ಎನ್ನುತ್ತಾರೆ. ಇನ್ನೊಬ್ಬರು “ಮಕ್ಕಳು ನಗ್ತಾರೆ” ಎನ್ನುತ್ತಾರೆ. ತಮ್ಮ ಹೆಸರು ಬರೆದು, ಅಳಿಸಿ, ಮತ್ತೆ ಬರೆಯಲು ಹೇಳುತ್ತೇನೆ. ಅಳಿಸಿದರೂ ಏನೂ ಆಗಲಿಲ್ಲವಲ್ಲ ಎಂದು ಮುಖ ಅರಳುತ್ತದೆ.

ಕಷ್ಟ ಅದರ ಮುಂದಿದೆ. ಸರ್ವೆ ನಂಬರ್ ಹಾಕಿ ತವರಿನ ಪಹಣಿ ತೆರೆಯುವ ಪಾಠ ಬಂದಾಗ ಕೆಲವರ ಬೆರಳು ನಿಂತೇಬಿಡುತ್ತದೆ. 2005ರ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ಪರದೆಯಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದರೆ? ಕೇಳಿದರೆ ತವರಿನ ಬಾಗಿಲು ಮುಚ್ಚಿದರೆ? ಇದು ಮಷೀನಿನ ಅಂಜಿಕೆಯಲ್ಲ.

ಆಗ ಅವಸರ ಮಾಡಬಾರದು. ಕೇಳುವುದು, ಬಿಡುವುದು ಅವರಿಗೆ ಸೇರಿದ್ದು. ನೋಡಲು ಬಂದರೆ ಸಾಕು. ನೋಡಲು ಬಲ್ಲವಳನ್ನು ಗೊತ್ತಿಲ್ಲದವಳೆಂದು ಯಾರೂ ಸುಲಭವಾಗಿ ತಳ್ಳಿಹಾಕಲಾರರು.