ಸೈಟು ಕೊಳ್ಳುವ ಮುನ್ನ ಮಾಸ್ಟರ್ ಪ್ಲಾನ್ ನಕ್ಷೆ ಓದುವುದು ಹೇಗೆ? ಬಣ್ಣ, ಗೆರೆಗಳ ಅರ್ಥ ಇಲ್ಲಿದೆ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಇರುವ ಊರಿನಲ್ಲೋ ಬೆಂಗಳೂರಿನ ಹೊರವಲಯದಲ್ಲೋ ಒಂದು ಸೈಟು ಮಾಡಿಕೊಳ್ಳುವ ಯೋಚನೆಯಲ್ಲಿರುತ್ತಾರೆ. ಕ್ರಯಪತ್ರ, ಪಹಣಿ, ಋಣಭಾರ ಪತ್ರ (ಇಸಿ) ಎಲ್ಲವನ್ನೂ ವಕೀಲರಿಗೆ ತೋರಿಸುತ್ತಾರೆ. ಆದರೆ ಆ ಜಾಗ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ನೋಡುವವರು ಕಡಿಮೆ. ದಾಖಲೆಯೆಲ್ಲ ಸರಿಯಿದ್ದರೂ ಮನೆ ಕಟ್ಟಲು ಅನುಮತಿ ಸಿಗದೆ ಹಣ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಕಾರಣ ಸರಳ. ಜಾಗ ಯಾರದು ಎಂಬುದನ್ನು ಕ್ರಯಪತ್ರ ಹೇಳುತ್ತದೆ. ಅದರ ಮೇಲೆ ಯಾವ ವ್ಯವಹಾರ ನೋಂದಣಿಯಾಗಿದೆ ಎಂಬುದನ್ನು ಇಸಿ ಹೇಳುತ್ತದೆ. ಅಲ್ಲಿ ಏನು ಕಟ್ಟಬಹುದು ಎಂಬುದನ್ನು ಹೇಳುವುದು ಭೂಬಳಕೆ ನಕ್ಷೆ ಮತ್ತು ಅದರ ಜೊತೆಗಿರುವ ವಲಯ ನಿಯಮಗಳು ಮಾತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಯಿತೆಂದರೆ ಕಟ್ಟಲು ಒಪ್ಪಿಗೆ ಸಿಕ್ಕಿತು ಎಂದಲ್ಲ.

ಯಾವ ಊರಿಗೆ ಯಾವ ನಕ್ಷೆ?

ನಗರ ಯೋಜನೆ ರಾಜ್ಯಗಳ ವಿಷಯವಾದ್ದರಿಂದ ಕಾಯ್ದೆಯೂ ನಕ್ಷೆಯ ಹೆಸರೂ ಬೇರೆಬೇರೆ.

* ಬೆಂಗಳೂರು: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ಬಿಡಿಎ ರೂಪಿಸಿದ ಆರ್‌ಎಂಪಿ 2015ಕ್ಕೆ ಒಪ್ಪಿಗೆ ದೊರೆತದ್ದು 2007ರಲ್ಲಿ. ದೇವನಹಳ್ಳಿ ಸುತ್ತ ಬಿಯಾಪಾ ಎಂಬ ಬೇರೆ ಪ್ರಾಧಿಕಾರ. ಆನೇಕಲ್, ಹೊಸಕೋಟೆ, ನೆಲಮಂಗಲಗಳಿಗೂ ಪ್ರತ್ಯೇಕ ಯೋಜನಾ ಪ್ರಾಧಿಕಾರಗಳಿವೆ.
* ಮುಂಬೈ, ಪುಣೆ: ಎಂಆರ್‌ಟಿಪಿ ಕಾಯ್ದೆ, 1966ರ ಅಡಿ ಡೆವಲಪ್‌ಮೆಂಟ್ ಪ್ಲಾನ್, ಅಂದರೆ ಎಲ್ಲರ ಬಾಯಲ್ಲಿರುವ ‘ಡಿಪಿ’. ಮುಂಬೈಗೆ ಈಗಿರುವುದು ಡಿಪಿ 2034.
* ಚೆನ್ನೈ: 1971ರ ತಮಿಳುನಾಡು ಕಾಯ್ದೆಯಡಿ ಸಿಎಂಡಿಎ ರೂಪಿಸಿದ ಎರಡನೇ ಮಾಸ್ಟರ್ ಪ್ಲಾನ್. ಇದು 2008ರಲ್ಲಿ ಬಂತು. ಗುರಿ ವರ್ಷ 2026.
* ಹೈದರಾಬಾದ್: ಎಚ್‌ಎಂಡಿಎ ಮಾಸ್ಟರ್ ಪ್ಲಾನ್ 2031.
* ದೆಹಲಿ: ಡಿಡಿಎ ರೂಪಿಸಿದ, 2007ರಲ್ಲಿ ಅಧಿಸೂಚನೆಯಾದ ಎಂಪಿಡಿ 2021 ಮತ್ತು ಅದರ ವಲಯವಾರು ಯೋಜನೆಗಳು.

ಬಣ್ಣಗಳು ಏನು ಹೇಳುತ್ತವೆ?

ನಮ್ಮ ದೇಶದ ನಕ್ಷೆಗಳಲ್ಲಿ ಸಾಮಾನ್ಯವಾಗಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ. ಹಸಿರು ಉದ್ಯಾನ ಮತ್ತು ಆಟದ ಮೈದಾನಕ್ಕೆ, ತಿಳಿ ಹಸಿರು ಕೃಷಿಗೆ, ಬೂದು ರಸ್ತೆ, ರೈಲು ಮುಂತಾದ ಸಾರಿಗೆಗೆ.

ಆದರೂ ಬಣ್ಣವನ್ನು ಊಹಿಸಬೇಡಿ. ಅಮೆರಿಕದ ಭೂಬಳಕೆ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕೆಂಪು ವಾಣಿಜ್ಯಕ್ಕೆ, ನೀಲಿ ಸಾರ್ವಜನಿಕ ಸಂಸ್ಥೆಗಳಿಗೆ. ಅಲ್ಲಿದ್ದು ಬಂದವರು ಇಲ್ಲಿಯ ನಕ್ಷೆಯನ್ನು ತಿರುವುಮುರುವಾಗಿ ಓದಿಬಿಡಬಹುದು. ಪ್ರತಿ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನೇ ಮೊದಲು ನೋಡಬೇಕು. ಒಂದೇ ಹಳದಿಯ ಎರಡು ಛಾಯೆಗಳಿಗೆ ಎರಡು ಬೇರೆ ನಿಯಮಗಳೂ ಇರಬಹುದು.

ಇನ್ನೊಂದು ಮಾತು: ನಕ್ಷೆಯ ಬಣ್ಣ ಇವತ್ತು ನೆಲದ ಮೇಲಿರುವುದನ್ನಲ್ಲ, ಮುಂದೆ ಅಲ್ಲಿ ಏನಿರಬೇಕು ಎಂಬುದನ್ನು ಹೇಳುತ್ತದೆ. ಈಗಿರುವ ಬಳಕೆಯ ನಕ್ಷೆ ಬೇರೆ, ಪ್ರಸ್ತಾವಿತ ಬಳಕೆಯ ನಕ್ಷೆ ಬೇರೆ. ಸುತ್ತ ಹತ್ತು ಮನೆಗಳು ಎದ್ದಿವೆ ಎಂಬ ಮಾತ್ರಕ್ಕೆ ಆ ಜಾಗ ಹಳದಿಯಲ್ಲಿದೆ ಎನ್ನಲಾಗದು. ದೆಹಲಿಯಲ್ಲಿ 2006ರಲ್ಲಿ ನ್ಯಾಯಾಲಯದ ಆದೇಶದಂತೆ ವಸತಿ ಪ್ರದೇಶದ ಅಂಗಡಿಗಳಿಗೆ ಬೀಗಮುದ್ರೆ ಬಿದ್ದಾಗ, ವರ್ಷಗಟ್ಟಲೆ ವ್ಯಾಪಾರ ನಡೆಸುತ್ತಿದ್ದವರೂ ಬೀದಿಗೆ ಬಂದರು. ಮಿಶ್ರ ಬಳಕೆಯ ರಸ್ತೆಗಳ ನಿಯಮವನ್ನು ಎಂಪಿಡಿ 2021 ವಿಸ್ತಾರವಾಗಿ ಬರೆದದ್ದು ಈ ಗದ್ದಲದ ಬೆನ್ನಿಗೇ.

ಬಣ್ಣಕ್ಕಿಂತ ಗೆರೆ ಮುಖ್ಯ

ಹಳದಿಯಲ್ಲಿರುವ ಸೈಟಿನ ಮೇಲೂ ಪ್ರಸ್ತಾವಿತ ರಸ್ತೆಯ ಗೆರೆ ಹಾದುಹೋಗಿರಬಹುದು. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2000ರ ದಶಕದ ಮಧ್ಯದಲ್ಲಿ ಭೂಸ್ವಾಧೀನದ ಅಧಿಸೂಚನೆ ಹೊರಬಿತ್ತು, ರಸ್ತೆ ಬರಲಿಲ್ಲ. ಆ ಗೆರೆಯೊಳಗೆ ಸಿಕ್ಕಿಕೊಂಡ ರೈತರು ಮತ್ತು ಸೈಟುದಾರರು ಕಟ್ಟಲೂ ಆಗದೆ, ಒಳ್ಳೆಯ ಬೆಲೆಗೆ ಮಾರಲೂ ಆಗದೆ ವರ್ಷಗಳನ್ನು ಕಳೆದರು.

ರಾಜಕಾಲುವೆ ಮತ್ತು ಕೆರೆ ಇನ್ನೊಂದು ಗೆರೆ. ಆರ್‌ಎಂಪಿ 2015ರ ಪ್ರಕಾರ ಕೆರೆಯಿಂದ 30 ಮೀಟರ್, ರಾಜಕಾಲುವೆಯ ನಡುಗೆರೆಯಿಂದ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಬಿಡಬೇಕು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಅಂತರವನ್ನು 75 ಮೀಟರ್‌ಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಮೂರು ವರ್ಷಗಳಲ್ಲಿ ಒಂದೇ ಸೈಟು ಒಮ್ಮೆ ಗೆರೆಯ ಹೊರಗೆ, ಒಮ್ಮೆ ಒಳಗೆ ಇದ್ದಂತಾಯಿತು. ಹಾಗಾಗಿ ಕೊಳ್ಳುವ ದಿನ ಜಾರಿಯಲ್ಲಿರುವ ಅಂತರ ಎಷ್ಟು ಎಂಬುದನ್ನು ಪ್ರಾಧಿಕಾರದಲ್ಲೇ ಕೇಳಬೇಕು.

ಹೈದರಾಬಾದ್‌ನಲ್ಲಿ 1996ರ ‘ಜಿಒ 111’ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿತ್ತು. 2022ರಲ್ಲಿ ಸರ್ಕಾರ ಷರತ್ತುಗಳೊಂದಿಗೆ ಅದನ್ನು ಸಡಿಲಿಸಿತು. ಚೆನ್ನೈ ಯೋಜನೆಯಲ್ಲಿ ರೆಡ್‌ಹಿಲ್ಸ್ ಜಲಾನಯನ ಪ್ರದೇಶ ಮತ್ತು ಕರಾವಳಿಯ ಅಂತರ್ಜಲ ಮರುಪೂರಣ ಪ್ರದೇಶಗಳಿಗೆ ವಿಶೇಷ ನಿಯಮಗಳಿವೆ. ಇಂಥ ಗಡಿಗಳನ್ನು ಬಣ್ಣದ ನಕ್ಷೆಯ ಜೊತೆಗೇ ಹುಡುಕಿ ನೋಡಬೇಕು.

ಮಾಪಕದ ಲೆಕ್ಕ ತಪ್ಪಿಸಬೇಡಿ

ನಕ್ಷೆಯ ಮಾಪಕ 1:10,000 ಇದ್ದರೆ ಕಾಗದದ ಮೇಲಿನ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ಮೂವತ್ತು–ನಲವತ್ತರ ಸೈಟು ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಅಂದರೆ ಅದು ನಕ್ಷೆಯಲ್ಲಿ ಸಾಸಿವೆ ಕಾಳಿಗಿಂತ ದೊಡ್ಡದಾಗಿ ಕಾಣದು. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 5 ಮೀಟರ್ ನುಂಗುತ್ತದೆ. 1:4,000 ಮಾಪಕದಲ್ಲೂ ಅದೇ ಗೆರೆ 2 ಮೀಟರ್ ಆಗುತ್ತದೆ.

ಆದ್ದರಿಂದ ಮೊಬೈಲ್‌ನಲ್ಲಿ ನಕ್ಷೆಯನ್ನು ಹಿಗ್ಗಿಸಿ ನೋಡಿ ‘ಗೆರೆ ಪಕ್ಕದಲ್ಲಿದೆ, ನಮ್ಮ ಸೈಟಿಗೆ ತಗುಲಿಲ್ಲ’ ಎಂದು ತೀರ್ಮಾನಿಸಬೇಡಿ. ಗೆರೆ ಹತ್ತಿರದಲ್ಲಿದೆ ಎಂದು ಕಂಡರೆ ಸರ್ವೆ ಮಾಡಿಸುವುದೊಂದೇ ದಾರಿ.

ಪರಿಶೀಲನೆ ಯಾವ ಕ್ರಮದಲ್ಲಿ?

1. ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಪಡೆಯಿರಿ. ಬಡಾವಣೆಯ ಸೈಟ್ ನಂಬರ್ ಸಾಲದು. ಮಾಸ್ಟರ್ ಪ್ಲಾನ್‌ನಲ್ಲಿ ಹುಡುಕುವುದು ಸರ್ವೆ ನಂಬರಿನಿಂದ.
2. ಗ್ರಾಮ ನಕ್ಷೆಯಲ್ಲಿ ಆ ನಂಬರ್ ಗುರುತಿಸಿ. ಕೆರೆ, ಹಳ್ಳ, ಬಂಡಿದಾರಿ ಹಳೆಯ ಗ್ರಾಮ ನಕ್ಷೆಯಲ್ಲಿ ಸ್ಪಷ್ಟವಾಗಿರುತ್ತವೆ. ಕರ್ನಾಟಕದಲ್ಲಿ ಸ್ಥಳದಲ್ಲಿ ನಿಂತು ಸರ್ವೆ ನಂಬರ್ ತಿಳಿಯಲು ‘ದಿಶಾಂಕ್’ ಆ್ಯಪ್ ನೆರವಾಗುತ್ತದೆ. ಅದು ದಾರಿ ತೋರಿಸುವುದಕ್ಕೆ ಮಾತ್ರ, ಗಡಿಯ ಪುರಾವೆ ಅಲ್ಲ.
3. ಅದೇ ನಂಬರನ್ನು ಭೂಬಳಕೆ ನಕ್ಷೆಯಲ್ಲಿ ನೋಡಿ. ಬಣ್ಣ, ರಸ್ತೆ ಗೆರೆ, ಮೀಸಲು ಮೂರನ್ನೂ ಬರೆದಿಟ್ಟುಕೊಳ್ಳಿ.
4. ಪ್ರಾಧಿಕಾರದಿಂದ ಲಿಖಿತ ದಾಖಲೆ ಪಡೆಯಿರಿ. ಮುಂಬೈಯಲ್ಲಿ ‘ಡಿಪಿ ರಿಮಾರ್ಕ್’, ಪುಣೆಯಲ್ಲಿ ‘ಝೋನ್ ದಾಖಲಾ’, ಕರ್ನಾಟಕದಲ್ಲಿ ಭೂಬಳಕೆ ದೃಢೀಕರಣ. ಏಜೆಂಟರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನಕ್ಷೆಗೆ ಬೆಲೆಯಿಲ್ಲ.
5. ಕೃಷಿ ಜಮೀನಾದರೆ ಭೂ ಪರಿವರ್ತನೆ ಮತ್ತು ಬಡಾವಣೆಯ ಅನುಮೋದನೆ ಎರಡನ್ನೂ ಕೇಳಿ. ಪರಿವರ್ತನೆ ಕಂದಾಯ ಇಲಾಖೆಯದು, ಬಡಾವಣೆ ನಕ್ಷೆಯ ಒಪ್ಪಿಗೆ ಯೋಜನಾ ಪ್ರಾಧಿಕಾರದ್ದು. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ.

ನಕ್ಷೆಯೇ ತಪ್ಪಿದ್ದರೆ?

ನಕ್ಷೆ ಮಾಡುವವರೂ ತಪ್ಪುತ್ತಾರೆ. ಮುಂಬೈಯ ಹೊಸ ಡಿಪಿಯ ಕರಡು 2015ರ ಫೆಬ್ರವರಿಯಲ್ಲಿ ಹೊರಬಂದಾಗ, ಇರುವ ಕಟ್ಟಡಗಳ ಮೇಲೆಯೇ ರಸ್ತೆ ಎಳೆದದ್ದು, ಪಾರಂಪರಿಕ ಕಟ್ಟಡಗಳು ಬಿಟ್ಟುಹೋದದ್ದು ಬೆಳಕಿಗೆ ಬಂತು. ನಾಗರಿಕರು ಸಾವಿರಾರು ಆಕ್ಷೇಪಣೆ ಸಲ್ಲಿಸಿದರು. ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ತಿದ್ದಿ ಹೊಸದಾಗಿ ಮಾಡಲು ಆದೇಶಿಸಿತು. ಪರಿಷ್ಕೃತ ಕರಡು 2016ರಲ್ಲಿ, ಅನುಮೋದನೆ 2018ರಲ್ಲಿ ಬಂತು.

ಕರಡು ಪ್ರಕಟವಾದ ಮೇಲೆ ನಿಗದಿತ ದಿನಗಳೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಕೊಡಬಹುದು. ಸರ್ವೆ ನಂಬರ್, ನಕ್ಷೆಯ ಹಾಳೆಯ ಸಂಖ್ಯೆ, ಸ್ಥಳದ ಫೋಟೊ, ಮಂಜೂರಾದ ಕಟ್ಟಡ ನಕ್ಷೆಯ ಪ್ರತಿ ಜೊತೆಗಿಟ್ಟು ಕೊಟ್ಟರೆ ಆಕ್ಷೇಪಣೆಗೆ ತೂಕ ಬರುತ್ತದೆ. ಅಂತಿಮ ನಕ್ಷೆ ಬಂದ ನಂತರ ಬದಲಾವಣೆ ಕಷ್ಟ. ಕರ್ನಾಟಕದಲ್ಲಿ 1961ರ ಕಾಯ್ದೆಯ 14-ಎ ಕಲಮಿನಡಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬಹುದು. ಮಹಾರಾಷ್ಟ್ರದಲ್ಲಿ ಮೀಸಲಿಟ್ಟ ಜಾಗವನ್ನು 10 ವರ್ಷವಾದರೂ ಪಡೆಯದಿದ್ದರೆ, ಮಾಲೀಕರು 127ನೇ ಕಲಮಿನಡಿ ನೋಟಿಸ್ ಕೊಡಬಹುದು. 24 ತಿಂಗಳಲ್ಲಿ ಸ್ವಾಧೀನದ ಕ್ರಮ ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ.

ದೂರದ ಊರಿನಲ್ಲಿದ್ದುಕೊಂಡು ಜಾಗ ಕೊಳ್ಳುವವರು ಒಂದು ಷರತ್ತು ಹಾಕಿಕೊಳ್ಳುವುದು ಒಳ್ಳೆಯದು: ಭೂಬಳಕೆಯ ಲಿಖಿತ ದಾಖಲೆ ಕೈಗೆ ಬರುವವರೆಗೆ ಮುಂಗಡ ಕೊಡುವುದಿಲ್ಲ. ತುರ್ತು ಮಾಡುವ ಮಾರಾಟಗಾರರಿಗೂ ಇದೇ ಉತ್ತರ ಸಾಕು.